ಬೈಗುಳವಿಲ್ಲದ ಈಮೇಲ್

ಕಳೆದ ತಿಂಗಳು ಬಸ್ಸಿನಲ್ಲಿ ಸಕಲೇಶಪುರ ದಾಟಿ ಹೋಗುತ್ತಿದ್ದಾಗ ಆನೇಮಹಲ್ ಹತ್ತಿರ ಒಂದು ಮನೆಯ ಕಣ ಕಣ್ಣಿಗೆ ಬಿತ್ತು. ಕಾಫಿ ರಾಶಿಗೆ ಟಾರ್ಪಾಲು ಹೊದಿಸಿದ್ದರು. ಅದು ಗಾಳಿಗೆ ಹಾರದಿರಲಿ ಎಂದು ಮೇಲೊಂದು ಹಳದಿ ತಗಡಿನ ಬೋರ್ಡು ಹೇರಿದ್ದರು. 'ಎಸ್.ಟಿ.ಡಿ.' ಎಂಬ ಕಪ್ಪು ಅಕ್ಷರಗಳಷ್ಟೇ ಉಳಿದಿದ್ದವು, ಮಿಕ್ಕದ್ದನ್ನು ತುಕ್ಕು ತಿಂದಿತ್ತು. ಅದು ನಾನು ಹಿಂದೆ ಬಾಡಿಗೆಗಿದ್ದ ಮನೆಯ ಅಕ್ಕನ ಫೋನ್ ಬೂತಿನ ಬೋರ್ಡೇ ಎಂದು ಹೇಳಲಾರೆ, ಆ ಕಾಲದಲ್ಲಿ ರಸ್ತೆಯುದ್ದಕ್ಕೂ ಅಂಥವು ನೇತಾಡುತ್ತಿದ್ದವು. ಆದರೂ ಘಾಟಿ ಇಳಿಯುವವರೆಗೂ ನಾನು ಪಕ್ಕದವರ ಮಾತಿಗೆ ಸುಮ್ಮನೆ ಹೂಂಗುಟ್ಟುತ್ತ ಕೂತಿದ್ದೆ…

ನಾನು ತಿಪಟೂರು ಕಡೆಯವಳು. ಸಕಲೇಶಪುರದಲ್ಲಿ ಪಿಯು ಕಾಲೇಜಿಗೆ ಫಿಸಿಕ್ಸ್ ಪಾಠ ಹೇಳಲು ಬಂದಾಗ ಪೇಟೆಯಲ್ಲಿ ಒಬ್ಬಂಟಿ ಹೆಂಗಸಿಗೆ ಮನೆ ಕೊಡಲು ಎಲ್ಲರಿಗೂ ಏನೋ ಅನುಮಾನ. ಕೊನೆಗೆ ಆನೇಮಹಲಿನಲ್ಲಿ, ಹೆದ್ದಾರಿಗೆ ಮುಖ ಮಾಡಿದ ಒಂದು ಟೆಲಿಫೋನ್ ಬೂತಿನ ಹಿಂದಿನ ಕೋಣೆ ಸಿಕ್ಕಿತು. ಬೂತೂ ಅಕ್ಕನದೇ, ಕೋಣೆಯೂ ಅಕ್ಕನದೇ. ಊರಿಗೆಲ್ಲ ಅವಳು ಬೂತಿನ ಅಕ್ಕ. ಅವಳ ಯಜಮಾನರು ಒಂದು ಎಸ್ಟೇಟಿನಲ್ಲಿ ಜೀಪ್ ಡ್ರೈವರು. ಮೊಬೈಲ್ ಫೋನು ಆ ಗುಡ್ಡಗಳಿಗೆ ಇನ್ನೂ ಹತ್ತಿ ಬಂದಿರಲಿಲ್ಲ. ಘಾಟಿ ಇಳಿಯುವ ಮುಂಚೆ ಲಾರಿಯವರು, ಎಸ್ಟೇಟಿನ ಲೈನುಮನೆಗಳಲ್ಲಿದ್ದ ಕೂಲಿಯವರು, ಗಲ್ಫಿನಲ್ಲಿ ಗಂಡನಿದ್ದ ಹೆಂಗಸರು, ಎಲ್ಲರೂ ಅವಳ ಗಾಜಿನ ಪೆಟ್ಟಿಗೆಯೊಳಗೆ ನಿಂತು ಮಾತಾಡಿ ಹೋಗುತ್ತಿದ್ದರು.

ಅಕ್ಕ ಬಾಯಿ ಬಿಟ್ಟರೆ ಬೈಗುಳ. ಗಿರಾಕಿ ಮಾತಾಡುವುದನ್ನು ಕೇಳಿಸಿಕೊಳ್ಳಬಾರದು ಎಂಬ ಮರ್ಯಾದೆಯೆಲ್ಲ ಅವಳಿಗೆ ಗೊತ್ತೇ ಇರಲಿಲ್ಲ. ಒಮ್ಮೆ ಲಾರಿ ಡ್ರೈವರೊಬ್ಬ ಹೆಂಡತಿಯ ಮೇಲೆ ರೇಗಿ ಫೋನ್ ಕುಕ್ಕಿ ಹೊರಗೆ ಬಂದ. ಅಕ್ಕ ಚಿಲ್ಲರೆ ಕೊಡದೆ ಕೂತಳು.

"ಘಾಟಿ ಇಳಿಯೋನು ಹಂಗೆ ಕಿತ್ತಾಡ್ಕಂಡು ಹೋಯ್ತಾರೇನೋ? ಅವ್ಳು ಅನ್ನ ಮುಟ್ಟಲ್ಲ ಇವತ್ತು. ಹೋಗು, ಇನ್ನೊಂದ್ ಸಲ ಹಚ್ಚು. ಇದ್ಕೆ ಕಾಸು ಬ್ಯಾಡ."

ಅವನು ತೆಪ್ಪಗೆ ಹೋಗಿ ಮತ್ತೆ ಹಚ್ಚಿದ. ಬೈದು ಹೇಳೋರು ಬದುಕೋಕೆ ಹೇಳ್ತಾರೆ ಅನ್ನುವುದು ಗಾದೆ. ಅಕ್ಕನ ವಿಷಯದಲ್ಲಿ ಅದು ನಿಜವೇ ಆಗಿತ್ತು. ನಾನೂ ದಿನಾ ಉಗಿಸಿಕೊಳ್ಳುತ್ತಿದ್ದೆ, ತಲೆ ಒರೆಸಿಕೊಳ್ಳದೆ ಕಾಲೇಜಿಗೆ ಓಡುತ್ತೀರಲ್ಲ ಅಂತ.

ಇಷ್ಟು ಜನರನ್ನು ಮಾತಾಡಿಸುತ್ತಿದ್ದ ಅಕ್ಕನಿಗೆ ಒಬ್ಬಳೇ ಮಗಳು. ಆ ಹುಡುಗಿಗೆ ಕಿವಿ ಕೇಳುತ್ತಿರಲಿಲ್ಲ. ಎಳೆಯದರಲ್ಲಿ ಬಂದ ಜ್ವರ ಕಿವಿಯನ್ನು ತೆಗೆದುಕೊಂಡು ಹೋಗಿತ್ತು. ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯ ಹಾಸ್ಟೆಲಿನಲ್ಲಿದ್ದು ಹೈಸ್ಕೂಲು ಓದುತ್ತಿದ್ದಳು. ಭಾನುವಾರ ಅಕ್ಕ ಹಾಸ್ಟೆಲಿಗೆ ಫೋನ್ ಮಾಡುತ್ತಿದ್ದಳು. ವಾರ್ಡನ್ "ಚೆನ್ನಾಗಿದ್ದಾಳೆ" ಅನ್ನುತ್ತಿದ್ದರು. ಅಷ್ಟಕ್ಕೆ ಅಕ್ಕನಿಗೆ ಸಮಾಧಾನವಾಗುತ್ತಿರಲಿಲ್ಲ.

"ಒಂದ್ ಗಳಿಗೆ ಅವ್ಳ ಕೈಗೆ ಕೊಡವ್ವ ಫೋನ್ನ."

ಆಮೇಲೆ ಅಕ್ಕ ರಿಸೀವರನ್ನು ಕಿವಿಗೆ ಒತ್ತಿಕೊಂಡು ಸುಮ್ಮನೆ ಕೂರುತ್ತಿದ್ದಳು. ಆ ಕಡೆಯಿಂದ ಹುಡುಗಿಯ ಉಸಿರು, ಕೆಲವೊಮ್ಮೆ ಒಂದು ಸಣ್ಣ ನಗು. ಮೀಟರಿನ ಕೆಂಪು ಅಂಕಿಗಳು ಓಡುತ್ತಿದ್ದವು. ಇಟ್ಟ ಮೇಲೆ ಮುಂದಿನ ಗಿರಾಕಿಯ ಗ್ರಹಚಾರ ಕೆಟ್ಟಿತು ಅಂತಲೇ ಲೆಕ್ಕ.

ಹುಡುಗಿ ರಜೆಗೆ ಬಂದರೆ ಅಡುಗೆಮನೆಯಲ್ಲಿ ಇಬ್ಬರ ಕೈಗಳೂ ಬಿಡುವಿಲ್ಲದೆ ಆಡುತ್ತಿದ್ದವು. ಅವು ಶಾಲೆಯಲ್ಲಿ ಕಲಿಸಿದ ಸನ್ನೆಗಳಲ್ಲ, ಮಗು ಚಿಕ್ಕದಿದ್ದಾಗ ಒಲೆಯ ಮುಂದೆ ಇವರಿಬ್ಬರೇ ಮಾಡಿಕೊಂಡವು. ಸ್ಟೇರಿಂಗ್ ತಿರುಗಿಸಿದರೆ ಅಪ್ಪ. ಕೈಗೆ ಅಂಟಿದ ಸೀಮೆಸುಣ್ಣದ ಪುಡಿ ಕೊಡವಿಕೊಂಡರೆ ನಾನು. ಅಪ್ಪನಿಗೂ ಅದರಲ್ಲಿ ಅರ್ಧ ತಿಳಿಯುತ್ತಿರಲಿಲ್ಲ.

ಯಜಮಾನರ ಎಸ್ಟೇಟಿನ ಸಾಹುಕಾರರು ಹೊಸ ಕಂಪ್ಯೂಟರ್ ತರಿಸಿದಾಗ ಹಳೆಯದನ್ನು ಇವರಿಗೆ ಕೊಟ್ಟಿದ್ದರು. ಅದು ಬೂತಿನ ಮೂಲೆಯಲ್ಲಿ ಟವೆಲು ಹೊದ್ದು ಕೂತಿತ್ತು, ವೈರಸ್ ಹತ್ತಿ ಕೆಟ್ಟಿತ್ತು. ಒಂದು ದಿನ ಮಗಳ ಕಾಗದ ಬಂತು. ಶಾಲೆಗೆ ಇಂಟರ್ನೆಟ್ ಬಂದಿದೆ, ಮಧ್ಯಾಹ್ನ ಪಾಠವಾದ ಮೇಲೆ ಈಮೇಲ್ ಬರೆಯಲು ಬಿಡುತ್ತಾರೆ, ಅಮ್ಮ ನೀನು ಬರೆದರೆ ನನಗೆ ಅವತ್ತೇ ಸಿಗುತ್ತದೆ ಅಂತ. ಅಕ್ಕ ಕಾಗದ ಹಿಡಿದು ನನ್ನ ಕೋಣೆಗೆ ಬಂದಳು.

"ಮೇಡಮ್ಮ, ಅದೇನ್ ಮಾಡ್ತೀರೋ ಗೊತ್ತಿಲ್ಲ. ಆ ಡಬ್ಬ ನನ್ ಮಗಳ ಹತ್ರ ಮಾತಾಡ್ಬೇಕು."

ನನ್ನ ಹತ್ತಿರ ಒಂದು ಪತ್ರಿಕೆಯ ಜೊತೆ ಬಂದ, ಕಂಪ್ಯೂಟರನ್ನು ನಡೆಸುವ ಲಿನಕ್ಸ್ ತಂತ್ರಾಂಶದ ಸಿ.ಡಿ. ಇತ್ತು. ಎಂ.ಎಸ್ಸಿ. ಓದುವಾಗ ಲ್ಯಾಬಿನಲ್ಲಿ ಅದನ್ನೇ ಬಳಸಿದ್ದೆ. ಯಾರು ಬೇಕಾದರೂ ಬಿಟ್ಟಿಯಾಗಿ ಹಾಕಿಕೊಳ್ಳಬಹುದು, ಬೇಕಾದ ಹಾಗೆ ತಿದ್ದಿಕೊಳ್ಳಬಹುದು ಅಂದೆ. "ಬಿಟ್ಟಿ ಬಂದಿದ್ರಲ್ಲಿ ಏನಾರ ಐಬು ಇದ್ದೇ ಇರ್ತದೆ ಕಣ್ರೀ" ಎಂದು ಅಕ್ಕ ಅಂದಳು. ಅವಳ ಮಾತು ಪೂರ್ತಿ ಸುಳ್ಳಾಗಲಿಲ್ಲ. ಕಂಪ್ಯೂಟರೇನೋ ಎದ್ದು ಕೂತಿತು, ಆದರೆ ಫೋನಿನ ಲೈನಿಗೆ ಜೋಡಿಸಲು ಒಳಗಿದ್ದ ಮೋಡೆಮ್ ಕಾರ್ಡಿಗೆ ಲಿನಕ್ಸಿನ ಗುರುತೇ ಹತ್ತಲಿಲ್ಲ. ಅದನ್ನು ಬೇರೆ ವ್ಯವಸ್ಥೆಗೆಂದೇ ಮಾಡಿದ್ದರು. ಬೆಂಗಳೂರಿನ ಗೆಳತಿಗೆ ಹೇಳಿ, ಹೊರಗಿಂದ ತಗುಲಿಸುವ ಮೋಡೆಮ್ ತರಿಸಿದೆವು. ಕೆಂಪು ದೀಪಗಳ ಒಂದು ಚಪ್ಪಟೆ ಪೆಟ್ಟಿಗೆ.

ಡಯಲ್ ಮಾಡುವ ತಂತ್ರಾಂಶ ಹಾಕಿ, ನಂಬರು, ಹೆಸರು, ಗುಟ್ಟಿನ ಪದ ಎಲ್ಲ ತುಂಬಿ ಗುಂಡಿ ಒತ್ತಿದರೆ ಪರದೆಯ ಮೇಲೆ 'ಡಯಲ್ ಟೋನ್ ಇಲ್ಲ' ಎಂದು ಬರುತ್ತಿತ್ತು. ಮತ್ತೆ ಒತ್ತಿದರೂ ಅದೇ. ಅಕ್ಕ ಅದೇ ಲೈನಿಗೆ ಫೋನ್ ತಗುಲಿಸಿ ಕಿವಿಗಿಟ್ಟುಕೊಂಡಳು.

"ಗುಂಯ್ ಅಂತಾ ಐತಲ್ಲ! ಕಿವುಡಾ ಇದಕ್ಕೆ?"

ಅಂದವಳೇ ನಾಲಿಗೆ ಕಚ್ಚಿಕೊಂಡಳು. ಆ ಮಾತನ್ನು ಅವಳ ಬಾಯಲ್ಲಿ ನಾನು ಹಿಂದೆಂದೂ ಕೇಳಿರಲಿಲ್ಲ. ರಿಸೀವರ್ ಇಟ್ಟು, ಒಳಗೆ ಹೋಗಿ, ಸುಮ್ಮಸುಮ್ಮನೆ ಪಾತ್ರೆ ಸದ್ದು ಮಾಡಿದಳು.

ಒಂದು ವಾರ ಕೈಪಿಡಿ ಕೆದಕಿದ ಮೇಲೆ ಸಂಗತಿ ತಿಳಿಯಿತು. ಆ ಮೋಡೆಮ್ ಬೇರೆ ದೇಶದ ಟೋನಿಗೆ ಪಳಗಿದ್ದು, ನಮ್ಮ ಎಕ್ಸ್‌ಚೇಂಜಿನ ಟೋನನ್ನು ಅದು ಟೋನ್ ಎಂದೇ ಎಣಿಸುತ್ತಿರಲಿಲ್ಲ. ಟೋನಿಗೆ ಕಾಯಬೇಡ, ಹಾಗೇ ಡಯಲ್ ಮಾಡು ಎಂದು ಅದಕ್ಕೆ ಹೇಳಿಕೊಡಲು ಒಂದು ಪುಟ್ಟ ಆಜ್ಞೆಯಿತ್ತು. ಅಕ್ಕನಿಗೆ ಹಾಗೇ ವಿವರಿಸಿದೆ.

"ಕೇಳ್ಸದಿದ್ರೂ ಪರವಾಗಿಲ್ಲ, ನಂಬ್ಕಂಡು ಹಚ್ಚು ಅಂತ ಹೇಳೋದಾ?"

"ಹೂಂ ಅಕ್ಕ."

"ಹೇಳು ಮತ್ತೆ."

ಯಾವಾಗ ಅವಳು ನನಗೆ 'ಹೇಳಿ' ಬಿಟ್ಟು 'ಹೇಳು' ಅನ್ನತೊಡಗಿದಳೋ ನೆನಪಿಲ್ಲ. ಬಹುಶಃ ಅವತ್ತೇ. ಮೋಡೆಮ್ ನಂಬರು ತಿರುಗಿಸಿತು, ಕೀರಲು ದನಿಯಲ್ಲಿ ಅರಚಿತು, ಗೊರಗೊರ ಅಂದಿತು. ಕೊನೆಗೆ ಲೈನು ಸಿಕ್ಕಿತು. ಅಕ್ಕ ಎರಡೂ ಕೈ ಎದೆಗೊತ್ತಿಕೊಂಡು ನಿಂತಿದ್ದಳು.

ಆಗ ಕಂಪ್ಯೂಟರಿನಲ್ಲಿ ಕನ್ನಡ ಬರೆಯುವುದು ನಮ್ಮಂಥವರಿಗೆ ಆಗದ ಮಾತು. ಇಂಗ್ಲಿಷ್ ಅಕ್ಷರದಲ್ಲೇ ಕನ್ನಡ. ಅಕ್ಕ ಒಂದೇ ಬೆರಳಿನಲ್ಲಿ, ಕೋಳಿ ಕಾಳು ಹೆಕ್ಕಿದ ಹಾಗೆ ಹುಡುಕಿ ಹುಡುಕಿ ಒತ್ತುತ್ತಿದ್ದಳು. ಲೈನ್ ಹಿಡಿದುಕೊಂಡು ಬರೆದರೆ ಬಿಲ್ಲು ಏರುತ್ತದೆ. ಮೊದಲೇ ಬರೆದಿಟ್ಟು, ಆಮೇಲೆ ಡಯಲ್ ಮಾಡಿ, ಒಂದೇ ಸಲಕ್ಕೆ ಕಳಿಸಿ, ಬಂದದ್ದನ್ನು ಇಳಿಸಿಕೊಂಡು ಲೈನ್ ಬಿಡುವುದು ನಮ್ಮ ಪದ್ಧತಿಯಾಯಿತು. ಮಧ್ಯಾಹ್ನ ಊಟದ ಮೇಲೆ ಬೂತು ಖಾಲಿ ಇರುವ ಹೊತ್ತು ಅಕ್ಕನದು.

ಏನು ಬರೆಯುತ್ತಿದ್ದಳು ಅಂತೀರಿ? ಬೈಗುಳ! 'ತಲೆಗೆ ಎಣ್ಣೆ ಹಾಕ್ಕಂಡ್ಯೇನೆ ಗೂಬೆ, ಹೋದ್ಸಲ ಬಂದಾಗ ತಲೆ ಗುಬ್ಬಿ ಗೂಡಾಗಿತ್ತು.' 'ಗಣಿತದಾಗೆ ಅಷ್ಟೇ ಮಾರ್ಕ್ಸಾ, ನಿಮ್ಮಪ್ಪನ ಜೀಪೇ ನಿನಗಿಂತ ಜಾಸ್ತಿ ಓಡ್ತದೆ.' ಮಗಳೂ ಬಿಡುತ್ತಿರಲಿಲ್ಲ. ವಾರ್ಡನ್ನಿನ ಗೊರಕೆ ನನಗೆ ಮಂಚದ ಅಲುಗಾಟದಲ್ಲೇ ಗೊತ್ತಾಗುತ್ತದೆ ಅಮ್ಮ ಎಂದು ಬರೆದಳು. ರಜೆಯಲ್ಲಿ ನನ್ನೆದುರು ಬಾಗಿಲ ಸಂದಿಯಲ್ಲಿ ನಿಲ್ಲುತ್ತಿದ್ದ ಹುಡುಗಿ ಇಷ್ಟು ತರಲೆ ಎಂದು ನನಗೆ ತಿಳಿದಿರಲೇ ಇಲ್ಲ. ಅಕ್ಕ ಓದಿ ಓದಿ ನಗುತ್ತಿದ್ದಳು, ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದಳು. "ನನ್ ಮಗಳು ಇಷ್ಟೊಂದು ಮಾತಾಡ್ತಾಳೆ ಕಣೇ" ಅನ್ನುತ್ತಿದ್ದಳು. ಆ ವರ್ಷದಷ್ಟು ಸಂತೋಷವಾಗಿ ಅವಳನ್ನು ನಾನು ಬೇರೆಂದೂ ನೋಡಲಿಲ್ಲ.

ಮುಂದಿನ ವರ್ಷ ಮಗಳು ಎಸ್ಸೆಸ್ಸೆಲ್ಸಿಗೆ ಬಂದಳು. ಅದೇ ಹೊತ್ತಿಗೆ ಲೈನು ಕೈಕೊಡಲು ಶುರುಮಾಡಿತು. ಇಂಟರ್ನೆಟ್ ಕೊಡುವವರು ತಮ್ಮ ಕಡೆ ಏನೋ ಬದಲಾಯಿಸಿದ್ದರು. ನಮ್ಮ ಹಳೆಯ ತಂತ್ರಾಂಶ ಒಳಗೆ ಹೋಗಿ ಕೂರುವಷ್ಟರಲ್ಲಿ ಹೊರದಬ್ಬುತ್ತಿದ್ದರು. ಅದರ ಹೊಸ ಆವೃತ್ತಿ ಹಾಕಬೇಕಿತ್ತು, ಅದು ನಡೆಯಲು ಬೇಕಾದ ಇನ್ನಷ್ಟು ತುಣುಕುಗಳನ್ನೂ ತರಬೇಕಿತ್ತು. ಕಡಿದುಬೀಳುವ ಅದೇ ಲೈನಿನಲ್ಲಿ, ದಿನಾ ಮಧ್ಯಾಹ್ನ ಸ್ವಲ್ಪ ಸ್ವಲ್ಪವಾಗಿ, ಇಳಿಸಿಕೊಂಡೆ. ದಸರಾ ರಜ ಮುಗಿಸಿ ಹುಡುಗಿ ಮೈಸೂರಿಗೆ ಹೋದ ಮೇಲೆ, ಚಿತ್ತೆ ಮಳೆಯ ದಿನಗಳಲ್ಲಿ, ಒಂದು ಮಧ್ಯಾಹ್ನ ಎಲ್ಲ ಒಟ್ಟಾಯಿತು. ಹಳೆಯದನ್ನು ತೆಗೆದು ಹೊಸದನ್ನು ಕೂರಿಸುವ ಕೆಲಸಕ್ಕೆ ಹಚ್ಚಿ, ಪರದೆಯ ಮೇಲೆ ಸಾಲುಗಳು ಓಡುವುದನ್ನು ನೋಡುತ್ತ ಕೂತೆ. ಅಕ್ಕ ಬೆನ್ನ ಹಿಂದೆ ನಿಂತಿದ್ದಳು.

ಆ ಗುಡ್ಡಗಳಲ್ಲಿ ಒಂದು ರೂಢಿಯಿದೆ. ಗುಡುಗು ಒಂದು ಸಲ ಗುರ್ ಅಂದರೆ ಸಾಕು, ಮನೆಯಲ್ಲಿ ಯಾರಿರಲಿ, ಕೈಯಲ್ಲಿ ಏನಿರಲಿ, ಓಡಿಹೋಗಿ ಟೀವಿ, ಫೋನು, ಎಲ್ಲದರ ವೈರು ಕಿತ್ತು ಬಿಸಾಕುತ್ತಾರೆ. ತಂತಿ ಹಿಡಿದು ಸಿಡಿಲು ಮನೆಯೊಳಗೆ ಬರುತ್ತದೆ. ಮಗ್ಗೆ ಎಂಬ ಊರಿನಲ್ಲಿ ಅಕ್ಕನ ತವರಿನ ಟೀವಿ ಹಾಗೇ ಸಿಡಿದು ಹೋಗಿತ್ತು. ಬಯಲುಸೀಮೆಯ ನನಗೆ ಈ ಅಭ್ಯಾಸವಿರಲಿಲ್ಲ. ಅಕ್ಕನಿಗೆ ಅದು ಯೋಚಿಸಿ ಮಾಡುವ ಕೆಲಸವೇ ಅಲ್ಲ.

ದೂರದಲ್ಲೆಲ್ಲೋ ಗುಡುಗಿತು. ಪರದೆ ಕಪ್ಪಾಯಿತು. ತಿರುಗಿ ನೋಡಿದರೆ ಒಂದು ಕೈಯಲ್ಲಿ ಕರೆಂಟಿನ ಪ್ಲಗ್ಗು, ಇನ್ನೊಂದರಲ್ಲಿ ಫೋನಿನ ವೈರು ಹಿಡಿದು ಅಕ್ಕ ನಿಂತಿದ್ದಳು.

"ಏನಕ್ಕ ಮಾಡ್ದೆ!"

"ಸಿಡ್ಲು ಬಂತು ಕಣೇ, ಕಿತ್ಬುಟ್ಟೆ."

"ಮುಗಿಯೋ ತನಕ ಮುಟ್ಟಬೇಡ ಅಂದಿದ್ನಲ್ಲ!"

"ಸುಟ್ಟು ಹೋಗಿದ್ರೆ ನೀ ತಂದ್ಕೊಡ್ತಿದ್ದಾ? ನಂಗೆ ಕೂಗ್ಬೇಡ ನೀನು."

ನನಗೆ ತಾಳ್ಮೆ ಕಡಿಮೆ, ಅವಳಿಗೆ ಇನ್ನೂ ಕಡಿಮೆ. ಇಬ್ಬರೂ ಗಂಟಲು ಹರಿಯುವಂತೆ ಕೂಗಾಡಿದೆವು. ಮತ್ತೆ ಹಚ್ಚಿ ನೋಡಿದರೆ ಹಳೆಯದು ಹೋಗಿತ್ತು, ಹೊಸದು ಬಂದಿರಲಿಲ್ಲ, ಯಂತ್ರವೇ ನೆಟ್ಟಗೆ ಏಳುತ್ತಿರಲಿಲ್ಲ. ಮೊದಲಿನಿಂದ ಹಾಕೋಣವೆಂದು ಸಿ.ಡಿ. ತೆಗೆದೆ. ಮಳೆಗಾಲದ ಥಂಡಿಗೆ ಅದರ ಮೇಲೆ ಬೂಷ್ಟು ಹಿಡಿದು ಜೇಡರ ಬಲೆಯ ಹಾಗೆ ಹಬ್ಬಿತ್ತು. ಒರೆಸಿದೆ, ತೊಳೆದೆ, ಉಪಯೋಗವಾಗಲಿಲ್ಲ. ಹೊಸ ಸಿ.ಡಿ. ಕಳಿಸೆಂದು ಬೆಂಗಳೂರಿನ ಗೆಳತಿಗೆ ಬರೆದೆ. ಅವಳು ಆಗ ಬಾಣಂತಿ, ಸಿ.ಡಿ. ಬರುವುದು ತಡವಾಯಿತು. ಮಿಷನ್ ಕೆಟ್ಟೈತೆ ಎಂದು ಅಕ್ಕ ಮಗಳಿಗೆ ಒಂದು ಇನ್‌ಲ್ಯಾಂಡ್ ಕಾಗದ ಹಾಕಿದಳು. ಆದರೂ ಮಧ್ಯಾಹ್ನವಾದರೆ ಬಂದು ಕಪ್ಪು ಪರದೆಯ ಮುಂದೆ ಸ್ವಲ್ಪ ಹೊತ್ತು ಕೂತು ಎದ್ದು ಹೋಗುತ್ತಿದ್ದಳು.

ಹಾಗೆ ಕೂರುವಾಗ ಅವಳು ಹೊಟ್ಟೆಯನ್ನು ಮುಷ್ಟಿಯಿಂದ ಒತ್ತಿ ಹಿಡಿಯುತ್ತಿದ್ದಳು. ಕೇಳಿದರೆ ಗ್ಯಾಸು ಅಂದಳು, ಸೋಡಾ ಕುಡಿದಳು. ದೀಪಾವಳಿಯಾದ ಮೇಲೆ ಒಂದು ಬೆಳಿಗ್ಗೆ ಬೂತಿನ ಬಾಗಿಲು ತೆರೆಯುತ್ತಲೇ ಕುಸಿದು ಕೂತಳು. ಯಜಮಾನರು ಜೀಪಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋದರು. ಆಸ್ಪತ್ರೆಯಲ್ಲಿ ಹೊಟ್ಟೆ ಕೊಯ್ದು, ನೋಡಿ, ಹಾಗೇ ಹೊಲಿದರು. ಮಾಡುವಂಥದ್ದು ಏನೂ ಉಳಿದಿಲ್ಲ ಎಂದು ಡಾಕ್ಟರು ಯಜಮಾನರಿಗೆ ಹೇಳಿದರು. ಅಕ್ಕನಿಗೆ ಯಾರೂ ಹೇಳಲಿಲ್ಲ, ಹೇಳಬೇಕಾಗಿಯೂ ಇರಲಿಲ್ಲ. ಗಾಜಿನಾಚೆ ನಿಂತವರ ಮುಖ ನೋಡಿಯೇ ಫೋನಿನಲ್ಲಿ ಏನು ಸುದ್ದಿ ಬಂತೆಂದು ತಿಳಿಯುತ್ತಿದ್ದವಳು ಅವಳು.

ಸಿ.ಡಿ. ಬಂದದ್ದು ಆ ವಾರ. ಎಲ್ಲ ಹೊಸದಾಗಿ ಹಾಕಿದೆ. ಹೊಸ ತಂತ್ರಾಂಶ ಒಂದೇ ಸಲಕ್ಕೆ ಲೈನು ಹಿಡಿಯಿತು, ಬಿಡಲೇ ಇಲ್ಲ. ಅಷ್ಟು ಗಟ್ಟಿಯಾದ ಲೈನು ನಮಗೆ ಯಾವತ್ತೂ ಸಿಕ್ಕಿರಲಿಲ್ಲ. ನನಗೆ ಅಳು ಬಂತು. ಮಗಳ ಈಮೇಲುಗಳು ಒಂದರ ಹಿಂದೊಂದು ಇಳಿದವು. ಮಿಷನ್ ಕೆಟ್ಟಿದೆ ಎಂದು ಗೊತ್ತಿದ್ದೂ ಅವಳು ಬರೆಯುತ್ತಲೇ ಇದ್ದಳು, ಸರಿಯಾದಾಗ ಒಟ್ಟಿಗೆ ಓದು ಅಮ್ಮ ಅಂತ. ಕಾಲೇಜಿನಲ್ಲಿ ಅಚ್ಚು ಹಾಕಿಸಿ ಹಾಸನಕ್ಕೆ ಒಯ್ದು, ಹಾಸಿಗೆಯ ಪಕ್ಕದಲ್ಲಿ ಕೂತು ಓದಿದೆ. ಅಕ್ಕ ಕಣ್ಣು ಮುಚ್ಚಿ ಕೇಳಿದಳು.

"ಅವತ್ತಿನ ಗುಡುಗು ಬರೀ ಹೆದರ್ಸಿ ಹೋಯ್ತು ಕಣೇ" ಅಂದಳು ಆಮೇಲೆ. "ಒಂದು ಹನಿ ಬೀಳ್ಲಿಲ್ಲ. ಸುಮ್ಕೆ ಕಿತ್ತೆ ನಾನು."

ಮಿಷನ್ ಕೆಟ್ಟು ಕೂತಿದ್ದ ಆ ವಾರಗಳೇ ಅವಳು ಕುರ್ಚಿಯಲ್ಲಿ ಕೂತು ಬೆರಳಾಡಿಸಬಹುದಾಗಿದ್ದ ಕೊನೆಯ ವಾರಗಳು. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಮಗಳಿಗೆ ಹೇಳಬೇಡ ಅಂದಳು. ಮಾರ್ಚಿನಲ್ಲಿ ಪರೀಕ್ಷೆ, ಅದು ಮುಗಿಯಲಿ, ಅಲ್ಲಿಯವರೆಗೆ ನಾನು ಬರೆದ ಹಾಗೆ ನೀನೇ ಬರಿ ಎಂದಳು. ಆನೇಮಹಲಿಗೆ ಬಂದು ಕೂತು ಬರೆದೆ. ಮಿಷನ್ ಸರಿಯಾಯಿತು, ನಾನು ಚೆನ್ನಾಗಿದ್ದೇನೆ, ನಿನ್ನ ಈಮೇಲೆಲ್ಲ ಓದಿ ಖುಷಿಯಾಯಿತು, ಚೆನ್ನಾಗಿ ಓದಿಕೋ ಮಗಳೇ… ಮರುದಿನ ಉತ್ತರ ಬಂದಿತ್ತು. ಎರಡೇ ಸಾಲು. 'ಇದರಲ್ಲಿ ಬೈಗುಳ ಇಲ್ಲ. ಅಮ್ಮ ಎಲ್ಲಿ?'

ಅದನ್ನು ಹೇಳಿದಾಗ ಅಕ್ಕ ನಕ್ಕಳು. ಹೊಲಿಗೆ ಎಳೆದು ಹೊಟ್ಟೆ ಹಿಡಿದುಕೊಂಡಳು.

"ಬೈಯೋಕೂ ಬರಲ್ವಲ್ಲೇ ನಿಂಗೆ. ಏನ್ ಪಾಠ ಹೇಳ್ತೀಯೋ ಹೋಗು."

ಆಮೇಲೆ ಮುಖ ಗೋಡೆಯ ಕಡೆ ಮಾಡಿಕೊಂಡಳು. ಪಕ್ಕದ ಹಾಸಿಗೆಯವರಿಗೆ ಊಟ ಬಂತು, ತಟ್ಟೆಗಳ ಸದ್ದಾಯಿತು. ಆಗ ಗೋಡೆಗೇ ಹೇಳಿದಳು.

"ಇಷ್ಟು ತಿಳ್ಕಂಡವ್ಳೆ ನನ್ನ. ಇನ್ನು ಅವ್ಳಿಗೆ ಸುಳ್ಳು ಹೇಳಕ್ಕಾಗಲ್ಲ. ಬರೋಕೆ ಹೇಳ್ಬುಡು."

ಅವಳು ಹೇಳಿದ್ದನ್ನು ಹೇಳಿದ ಹಾಗೇ ಬರೆದು ಕಳಿಸಿದೆ. 'ನಿಮ್ಮವ್ವಂಗೆ ಹೊಟ್ಟೇಲಿ ಗಂಟು ಐತೆ. ಹಾಸನದ ಆಸ್ಪತ್ರೇಲವ್ಳೆ. ಬಾ. ಬಸ್ಸಲ್ಲಿ ಕಿಟಕಿಯಿಂದ ತಲೆ ಹೊರಗೆ ಹಾಕ್ಬ್ಯಾಡ ಕತ್ತೆ.'

ಯಜಮಾನರು ಮೈಸೂರಿಗೆ ಹೋಗಿ ಕರೆತಂದರು. ಆ ವಾರ್ಡಿನಲ್ಲಿ ಎಲ್ಲರೂ ಕಿರುಚಿ ಮಾತಾಡುತ್ತಿದ್ದರು, ಇವರಿಬ್ಬರು ಮಾತ್ರ ಬೆಳಗಿನಿಂದ ಸಂಜೆಯವರೆಗೆ ಸದ್ದಿಲ್ಲದೆ ಮಾತಾಡಿದರು. ಅಕ್ಕನ ಒಂದು ಕೈಗೆ ಡ್ರಿಪ್ಪು ಹಾಕಿ ಪಟ್ಟಿ ಅಂಟಿಸಿದ್ದರು. ಒಂದೇ ಕೈಯಲ್ಲಿ ಅವಳು ಆಡುವ ಮಾತು ತೊದಲಿದಂತಾಗುತ್ತಿತ್ತೋ ಏನೋ, ಮಗಳು ಅದನ್ನು ಅಣಕಿಸಿ ನಗುತ್ತಿದ್ದಳು, ಅಕ್ಕ ಬೈಯುತ್ತಿದ್ದಳು. ಬೈಯುವುದಷ್ಟೇ ನನಗೆ ತಿಳಿಯುತ್ತಿತ್ತು. ದಿನ ಹೋದಂತೆ ಅಕ್ಕನ ಸನ್ನೆಗಳು ಸಣ್ಣದಾದವು. ಇಡೀ ತೋಳಿನಲ್ಲಿ ಆಡುತ್ತಿದ್ದದ್ದು ಅಂಗೈಗೆ ಇಳಿಯಿತು, ಅಂಗೈಯಿಂದ ಬೆರಳಿಗೆ. ಮಗಳು ಅಷ್ಟಷ್ಟೇ ಹತ್ತಿರ ಬಾಗಿ ನೋಡುತ್ತಿದ್ದಳು. ಸಂಕ್ರಾಂತಿಗೆ ಮುಂಚೆ ಅಕ್ಕ ಹೋಗಿಬಿಟ್ಟಳು. ಆ ಬೆಳಿಗ್ಗೆ ನಾನು ಹೋದಾಗ ಹುಡುಗಿ ಅಮ್ಮನ ಎರಡೂ ಕೈಗಳನ್ನು ತನ್ನ ಕೈಗಳಲ್ಲಿ ಹಿಡಿದು ಕೂತಿದ್ದಳು. ಬಿಡಿಸಲು ತುಂಬ ಹೊತ್ತು ಹಿಡಿಯಿತು.

ಪರೀಕ್ಷೆಯನ್ನು ಅವಳು ಆ ವರ್ಷ ಬರೆಯಲಿಲ್ಲ, ಮುಂದಿನ ವರ್ಷ ಬರೆದು ಪಾಸಾದಳು. ಅಷ್ಟರಲ್ಲಿ ನನಗೆ ವರ್ಗವಾಗಿತ್ತು. ಅಕ್ಕನಿಲ್ಲದ ಬೂತನ್ನು ಯಜಮಾನರು ಮುಚ್ಚಿದ್ದರು. ಈಗ ಹುಡುಗಿ ಮಂಗಳೂರಿನಲ್ಲಿ ಕೆಲಸದಲ್ಲಿದ್ದಾಳೆ, ಮದುವೆಯಾಗಿದೆ. ಗಂಡನಿಗೂ ಕಿವಿ ಕೇಳದು. ನನಗೆ ಆಗಾಗ ವಿಡಿಯೋ ಕಾಲ್ ಮಾಡುತ್ತಾಳೆ. ಶಾಲೆಯ ಸನ್ನೆಭಾಷೆಯನ್ನು ನಾನೂ ಅಷ್ಟಿಷ್ಟು ಕಲಿತಿದ್ದೇನೆ. ಪ್ರತಿ ಸಲ ಅವಳ ಕೈಗಳು ಪರದೆಯ ಮೇಲೆ ಬಂದಾಗ ನನಗೆ ಹೊಟ್ಟೆ ಉರಿಯುತ್ತದೆ. ಕೈಗಳನ್ನೇ ಹೊತ್ತು ತರುವ ಫೋನು ಇವತ್ತು ಸೊಪ್ಪು ಮಾರುವವರ ಬಳಿಯೂ ಇದೆ. ಅಕ್ಕ ಇನ್ನಷ್ಟು ವರ್ಷ ಇದ್ದಿದ್ದರೆ ಆ ಗಾಜಿನ ಪೆಟ್ಟಿಗೆಯಲ್ಲಿ ಕೂತು ಮಗಳ ಜೊತೆ ದಿನವಿಡೀ ಹರಟುತ್ತಿದ್ದಳು, ಮಂಗಳೂರಿಗೆ ಕೇಳುವ ಹಾಗೆ ಕೈಯಲ್ಲೇ ಬೈಯುತ್ತಿದ್ದಳು. ನಾವು ಅಷ್ಟು ಗುದ್ದಾಡಿ ತಂದುಕೊಟ್ಟದ್ದು ಎರಡು ಮೂರು ಸಾಲು ಅಕ್ಷರ ಮಾತ್ರ.

ಆ ಬಸ್ಸಿಳಿದು ಊರು ಸೇರಿದ ಮೇಲೆ, ಆನೇಮಹಲ್ ದಾಟಿ ಬಂದೆ ಎಂದು ಆ ಹುಡುಗಿಗೆ ವಿಡಿಯೋ ಕಾಲಿನಲ್ಲಿ ಹೇಳಿದೆ. ಅವಳು ಏನೋ ಸನ್ನೆ ಮಾಡಿದಳು. ನನಗೆ ತಿಳಿಯಲಿಲ್ಲ. ಇನ್ನೊಮ್ಮೆ ಮಾಡಿದಳು, ಹೆಬ್ಬೆರಳನ್ನು ಗಲ್ಲಕ್ಕೆ ತಾಗಿಸಿ ಅಂಗೈಯನ್ನು ನಿಧಾನವಾಗಿ ಮಗುಚಿ. ನಾನು ತಲೆಯಾಡಿಸಿದೆ, ಗೊತ್ತಾಗಲಿಲ್ಲ ಎಂದು. ಆಗ ಅವಳ ಕೈ ಅಲ್ಲೇ ನಿಂತಿತು. ಫೋನಿನಲ್ಲಿ ಬರೆದು ಕಳಿಸಿದಳು: 'ಅದು ಶಾಲೆಯದಲ್ಲ ಆಂಟಿ, ಅಮ್ಮನದು. ಮರೆತು ಮಾಡಿಬಿಟ್ಟೆ.'

ಹಾಗೆಂದರೆ ಏನು ಎಂದು ಕೇಳಿದೆ. ಅವಳು ಬರೆದಳು, ಅಳಿಸಿದಳು, ಮತ್ತೆ ಬರೆದಳು.

'ಅದಕ್ಕೆ ಬೇರೆ ಮಾತಿಲ್ಲ ಆಂಟಿ. ಅಮ್ಮನಿಗೆ ತಿಳಿಯುತ್ತಿತ್ತು.'